ಕೊಳದ ಪಂಪಿಗೆ ಕರೆಂಟ್ ಎಳೆಯುವ ಮುಂಚೆ

ನಮ್ಮನೆ ಇರುವುದು ಸಾಗರದಲ್ಲಿ. ಅಂಗಳದ ಮೂಲೆಯಲ್ಲಿ ಬಾವಿಗೆ ಇಳಿಸುವ ಸಿಮೆಂಟ್ ರಿಂಗ್ ಒಂದನ್ನು ಹೂತು, ಅಡಿಗೆ ಕಾಂಕ್ರೀಟ್ ಹಾಕಿ ಪುಟ್ಟ ಕೊಳ ಮಾಡಿದ್ದೇನೆ. ಎರಡು ನೈದಿಲೆ ಗಿಡ, ಒಂದಷ್ಟು ಗಪ್ಪಿ ಮೀನು, ನೀರು ಆಡುತ್ತಿರಲಿ ಅಂತ 18 ವ್ಯಾಟಿನ ಪಂಪು. 18 ವ್ಯಾಟ್ ಅಂದರೆ ಒಂದು ಎಲ್‌ಇಡಿ ಬಲ್ಬಿನಷ್ಟು, ಇದೇನು ಮಾಡೀತು ಅಂದುಕೊಂಡು ಮೊದಲ ವರ್ಷ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಟ್ಟಿದ್ದೆ. ಪ್ಲಗ್ಗಿಗೆ ಹಾಲಿನ ಪ್ಯಾಕೆಟ್ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದೆ!

ಜೂನ್ ತಿಂಗಳ ಒಂದು ಬೆಳಗ್ಗೆ ಕೊಳೆತ ಎಲೆ ತೆಗೆಯಲು ನೀರಿಗೆ ಕೈ ಹಾಕಿದೆ. ಮೊಣಕೈವರೆಗೂ ಜುಮ್ ಅಂತು. ಪುಣ್ಯಕ್ಕೆ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು.

ಎಲೆಕ್ಟ್ರಿಷಿಯನ್ ಹುಡುಗ ಬಂದವನು ಪಂಪ್ ನೋಡುವ ಮೊದಲು ಟೆಸ್ಟ್ ಲ್ಯಾಂಪ್ ತೆಗೆದ. ಒಂದು ವೈರ್ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ಇಟ್ಟ. ಬಲ್ಬ್ ಹತ್ತಿತು. ನ್ಯೂಟ್ರಲ್ ಬಿಟ್ಟು ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥಿಂಗ್‌ಗೆ ಇಟ್ಟ. ಹತ್ತಲಿಲ್ಲ. ಸಾಕೆಟ್ ಬಿಚ್ಚಿದರೆ ಅಲ್ಲಿ ಅರ್ಥ್ ವೈರೇ ಇಲ್ಲ. ಮೂರು ತೂತಿದ್ದ ಮಾತ್ರಕ್ಕೆ ಮೂರು ವೈರ್ ಇರಬೇಕಂತೇನಿಲ್ಲವಲ್ಲ! (ಈ ಪರೀಕ್ಷೆ ನೀವೇ ಮಾಡಲು ಹೋಗಬೇಡಿ.) ನೀರು ಒಳಗೆ ಹೋಗದಂತೆ ತಡೆಯುವ ಪಂಪಿನ ಸೀಲೂ ಹೋಗಿತ್ತು.

‘ಎಂಸಿಬಿ ಇದೆಯಲ್ಲ ಮಾರಾಯ?’ ಅಂದೆ. ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ ಅದು.

‘ಅದು ವೈರ್ ಕಾಯೋಕೆ ಸರ್, ನಿಮ್ಮನ್ನ ಕಾಯೋಕಲ್ಲ.’

ಲೆಕ್ಕ ಹಾಕಿದರೆ ಅವನ ಮಾತು ಸರಿ. 6 ಆಂಪಿಯರ್ ಎಂಸಿಬಿ ಅಂದರೆ 6,000 ಮಿಲಿಆಂಪಿಯರ್ ದಾಟುವವರೆಗೆ ಬೀಳುವುದೇ ಇಲ್ಲ. ಮನುಷ್ಯನ ಜೀವ ತೆಗೆಯಲು ಅದರಲ್ಲಿ ತೀರಾ ಸ್ವಲ್ಪ ಸಾಕು. ಇಲ್ಲಿ ಬೇಕಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. ಲೆಕ್ಕ ತಪ್ಪಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಟ್. ಅಂಗಡಿಯಲ್ಲಿ 100, 300ರದ್ದೂ ಕೊಡುತ್ತಾರೆ. ಕೊಳಕ್ಕೆ 30ರದ್ದೇ ಕೇಳಿ. ಅದರ ಜೊತೆ ಎಂಸಿಬಿಯೂ ಇರಲಿ, ಎರಡರ ಕೆಲಸ ಬೇರೆ. ಚಿಕ್ಕ ಪಂಪುಗಳಿಗೆ ಎಷ್ಟೋ ಸಲ ಎರಡೇ ಪಿನ್ ಇರುತ್ತದೆ, ಅರ್ಥ್ ಇರುವುದಿಲ್ಲ. ಆಗಂತೂ ಆರ್‌ಸಿಸಿಬಿ ಇಲ್ಲದೆ ಹಾಕಲೇಬೇಡಿ.

ಇನ್ನು ವೈರ್. ಪಿವಿಸಿ ಪೈಪಿನೊಳಗೆ ಹಾಕಿ ಹೂತರೆ ಸಾಕು ಅಂದುಕೊಂಡಿದ್ದೆ. ನಮ್ಮ ಅಂಗಳದ ಹೆಗ್ಗಣಗಳು ಪೈಪನ್ನೂ ಬಿಡಲಿಲ್ಲ. ಈಗ ಹಾಕಿರುವುದು 1.5 ಸ್ಕ್ವೇರ್ ಎಂಎಂ, ಮೂರು ಕೋರಿನ ಆರ್ಮರ್ಡ್ ಕೇಬಲ್, ಅಂದರೆ ಒಳಗಿನ ವೈರುಗಳ ಸುತ್ತ ಉಕ್ಕಿನ ಕವಚ ಇರುವಂಥದ್ದು. ಎರಡಡಿ ಆಳ, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಮುಂದೆ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಇಟ್ಟಿಗೆ ಸಿಗುತ್ತದೆ. ಆ ಕವಚಕ್ಕೂ ಅರ್ಥ್ ಕೊಡಿಸಿ.

ಕೊಳದ ಹತ್ತಿರದ ಸಾಕೆಟ್ ನೆಲದಿಂದ ಮೂರ್ನಾಲ್ಕು ಅಡಿ ಮೇಲೆ, ಮುಚ್ಚಳವಿರುವ, ಧೂಳು-ಮಳೆ ಒಳಗೆ ಹೋಗದ ಐಪಿ65 ಬಾಕ್ಸಿನಲ್ಲಿರಲಿ. ವೈರ್ ಒಳಗೆ ಹೋಗಬೇಕಾದದ್ದು ಬಾಕ್ಸಿನ ಕೆಳಗಿನಿಂದ, ಗ್ಲಾಂಡ್ (ವೈರನ್ನು ಬಿಗಿಯಾಗಿ ಹಿಡಿದು ಸಂದು ಮುಚ್ಚುವ ಬಿರಡೆ) ಮೂಲಕ. ಒಳಗೆ ಹೋಗುವ ಮುಂಚೆ ವೈರನ್ನು ಒಂದು ಗೇಣು ಜೋಲುಬಿಡಿ. ಮಳೆ ನೀರು ವೈರ್ ಗುಂಟ ಹರಿದು ಬಂದು ಆ ಜೋಲಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ, ಬಾಕ್ಸಿನೊಳಗೆ ಹೋಗುವುದಿಲ್ಲ. ಪಂಪಿನ ವೈರ್ ಗಿಡ್ಡವಾಯಿತು ಅಂತ ನೀರಿನಲ್ಲಿ ಜಾಯಿಂಟ್ ಮಾತ್ರ ಹಾಕಬೇಡಿ. ಟೇಪ್ ಎಷ್ಟು ಸುತ್ತಿದರೂ ಅಷ್ಟೇ. ಉದ್ದ ವೈರಿನ ಪಂಪನ್ನೇ ತನ್ನಿ.

ಇಷ್ಟೆಲ್ಲ ಬೇಡ ಅನ್ನುವವರು 12 ವೋಲ್ಟಿನ ಪಂಪ್ ತನ್ನಿ. ಚಿಕ್ಕ ಕೊಳಕ್ಕೆ ನಾನು ಅದನ್ನೇ ಹೇಳುವುದು. ಅಡಾಪ್ಟರ್ ಮನೆಯೊಳಗಿರುತ್ತದೆ, ಹೊರಗೆ ಹೋಗುವುದು ಬರೀ 12 ವೋಲ್ಟ್. ದೂರ ಜಾಸ್ತಿ ಇದ್ದು ವೈರ್ ತೆಳುವಾದರೆ ಪಂಪ್ ಸೊರಗುತ್ತದೆ, ಅದೊಂದು ನೋಡಿಕೊಳ್ಳಿ.

ನೀರಿಗೆ ಕೈ ಹಾಕುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಿ. ಕರೆಂಟ್ ಹೋಗಿದೆ ಅಂತ ಸುಮ್ನೆ ಕೈ ಹಾಕಬೇಡಿ. ಯಾವಾಗ ವಾಪಸ್ ಬರುತ್ತದೋ ಗೊತ್ತಾಗುವುದಿಲ್ಲ. ಪಂಪ್ ಯುಪಿಎಸ್ ಲೈನಿನಲ್ಲಿದ್ದರಂತೂ ಹೋಗಿರುವುದೇ ಇಲ್ಲ.

ಆರ್‌ಸಿಸಿಬಿಯ ಮೇಲೆ ‘ಟಿ’ ಅಂತ ಬರೆದ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳಬೇಕು. ಹೋದ ಮಳೆಗಾಲ ನಮ್ಮನೆಯದು ಬೀಳಲಿಲ್ಲ. ಅದೇ ಹುಡುಗನನ್ನು ಕರೆಸಿ ಬಿಚ್ಚಿಸಿದರೆ, ಒಳಗೆ ಇರುವೆ ಗೂಡು.