ಡಾಲರ್ ನಿಂತಿತು, ಬೈಕ್ ನಿಲ್ಲಲಿಲ್ಲ

2025ರ ಜನವರಿ ಕೊನೆಗೆ ಮೇಲ್ ಬಂತು: ಕೆಲಸ ನಿಲ್ಲಿಸಿ. ಟ್ರಂಪ್ ವಿದೇಶಿ ನೆರವಿಗೆ 90 ದಿನ ತಡೆ ಹಾಕಿದ್ದರು. ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್‌ನ ಹಣದಲ್ಲಿ ನಡೆಯುತ್ತಿದ್ದ ನಮ್ಮ ಟಿಬಿ ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು. ಗಂಗಾವತಿ ಸುತ್ತ ನನ್ನ ಪಟ್ಟಿಯಲ್ಲಿ ಅರವತ್ತು ಚಿಲ್ಲರೆ ಪೇಶಂಟ್‌ಗಳಿದ್ದರು. ಮಾತ್ರೆ ಸರ್ಕಾರದ್ದು, ಅದು ಬರುತ್ತಲೇ ಇತ್ತು. ಅದನ್ನು ತಪ್ಪದೆ ನುಂಗುತ್ತಾರೋ ಎಂದು ಮನೆಮನೆಗೆ ಹೋಗಿ ನೋಡುವ ನಾವು ಮೂವರು ನಿಂತೆವು. ಎರಡು ತಿಂಗಳಿಗೆ ಕೆಮ್ಮು ಇಳಿದೊಡನೆ, ಕೋರ್ಸ್ ಮುಗಿಯುವ ಮೊದಲೇ ಮಾತ್ರೆ ಬಿಡುವವರು ಬಹಳ.

ಫೆಬ್ರುವರಿ ತುಂಬ ಟಿವಿಯಲ್ಲಿ, ಭಾರತದಲ್ಲಿ ಮತದಾನ ಹೆಚ್ಚಿಸಲು ಅಮೆರಿಕ 21 ಮಿಲಿಯನ್ ಡಾಲರ್ ಕೊಟ್ಟಿತೋ ಇಲ್ಲವೋ ಎಂಬ ಜಗಳ. "ನೀವೂ ಅಮೆರಿಕದ ರೊಕ್ಕದವರೇನು?" ಅಂತ ಪಂಚಾಯ್ತಿ ಕಟ್ಟೆ ಮೇಲೆ ಕೇಳಿದರು.

ಊರಿನ ದುಡ್ಡಲ್ಲೇ ನಡೆಸ್ತೀನಿ ಅಂದಾಗ ಜೊತೆಯವರು ನಕ್ಕರು. ಏಪ್ರಿಲ್‌ವರೆಗೆ ನಗುವ ಹಾಗೇ ಇತ್ತು. ಕಂಪನಿಗಳು ಸಮಾಜಸೇವೆಗೆ ಕೊಡುವ ಸಿಎಸ್‌ಆರ್ ಹಣದ ಹಿಂದೆ ಬಿದ್ದು ಬೆಂಗಳೂರಿಗೆ ಮೂರು ಸಲ ಓಡಾಡಿದೆ, ಕೈಯಿಂದ ಎಂಟೊಂಬತ್ತು ಸಾವಿರ ಹೋಯಿತು, ಕಾಫಿ ಸಿಕ್ಕಿತು. ಆನ್‌ಲೈನ್ ಚಂದಾ ಎತ್ತಿದರೆ ಹನ್ನೊಂದು ಸಾವಿರ, ಅದರಲ್ಲಿ ಅರ್ಧ ನಮ್ಮ ಬೀಗರದ್ದೇ. ಅಷ್ಟರಲ್ಲಿ ಐದಾರು ಜನ ಮಾತ್ರೆ ಬಿಟ್ಟಿದ್ದರು.

ಸುಗ್ಗಿ ಮುಗಿದ ಮೇಲೆ ಅಕ್ಕಿ ಗಿರಣಿಗಳಿಗೆ ಹೋದೆ. ದಾನಿಗಳು ಟಿಬಿ ಪೇಶಂಟ್‌ಗೆ ಆಹಾರ ಕೊಡುವ ಸರ್ಕಾರಿ ಯೋಜನೆಯಾದ ನಿಕ್ಷಯ್ ಮಿತ್ರದ ಕಿಟ್‌ಗೆ, ಅಂದರೆ ಮೂರು ಕೆಜಿ ಧಾನ್ಯ, ಒಂದೂವರೆ ಕೆಜಿ ಬೇಳೆ, ಎಣ್ಣೆ, ಶೇಂಗಾಕ್ಕೆ, ಒಪ್ಪಿಸುವುದು ಕಷ್ಟವಾಗಲಿಲ್ಲ. ಫೋಟೋ ಬರುತ್ತದಲ್ಲ! "ಅಕ್ಕಿ ಎಷ್ಟ್ ಬೇಕ್ ಒಯ್ಯೋ ತಮ್ಮಾ, ಪಗಾರ ಮಾತ್ರ ಕೇಳಬ್ಯಾಡ" ಅಂದರು ಒಬ್ಬ ಸಾಹುಕಾರರು. ನೆರವು ಬೇಕೋ ಬೇಡವೋ ಎಂದು ಕೂಗಾಡುವ ಎರಡೂ ಕಡೆಯವರು ಈ ಮಾತು ಕೇಳಿಸಿಕೊಳ್ಳಬೇಕಿತ್ತು. ಅಕ್ಕಿಗೆ ದಾನಿಗಳು ಊರಲ್ಲೇ ಇದ್ದಾರೆ. ಡಾಲರಿನಿಂದ ನಮಗೆ ಬರುತ್ತಿದ್ದದ್ದು ಪೆಟ್ರೋಲು, ಪಗಾರ.

ಹಾಗಾಗಿ ಪೆಟ್ರೋಲಿಗೆ ರೊಕ್ಕ ಕೇಳುವುದನ್ನೇ ಬಿಟ್ಟೆ. ಬಂಕ್‌ನಲ್ಲಿ ಗಿರಣಿಯ ಉದ್ರಿ ಖಾತೆಗೆ ಸಾಹುಕಾರರಿಂದಲೇ ನಮ್ಮ ಬೈಕ್ ನಂಬರ್ ಬರೆಸಿದೆ. ಲಾರಿಗಳ ಡೀಸೆಲ್ ಲೆಕ್ಕದ ಮುಂದೆ ತಿಂಗಳಿಗೆ ಮೂರು ಸಾವಿರ ಅವರಿಗೆ ಯಾವ ಲೆಕ್ಕ? ಪಗಾರದ ದಾರಿ ಬೇರೆ, ಅದನ್ನು ಬರೆಯುವುದಿಲ್ಲ. ಬರೆದರೆ ಪಕ್ಕದ ತಾಲೂಕಿನವರು ನಮ್ಮ ಗಿರಣಿಗೇ ಬರುತ್ತಾರೆ.

ನಡುವೆ ಬೆಲ್ಲ ಹಾಕಿ ಶೇಂಗಾ ಉಂಡಿ ಮಾಡಿಸಿ ಹಂಚಿದೆವು. ಮನೆಯ ಮಕ್ಕಳೇ ತಿಂದು ಮುಗಿಸಿದವು, ಪೇಶಂಟ್ ತೂಕ ಇದ್ದಲ್ಲೇ. ಬಿಟ್ಟೆವು.

ಜುಲೈ 1ಕ್ಕೆ ಯುಎಸ್‌ಏಡ್ ಬಾಗಿಲೇ ಮುಚ್ಚಿತು. ಆ ಹೊತ್ತಿಗೆ ನಮ್ಮ ಬೈಕ್ ಓಡಲು ಶುರುವಾಗಿ ತಿಂಗಳಾಗಿತ್ತು. ಪಟ್ಟಿಯ ಅರವತ್ತರಲ್ಲಿ ಐವತ್ತನಾಲ್ಕೋ ಐವತ್ತೈದೋ ಜನ ಕೋರ್ಸ್ ಮುಗಿಸಿದರು, ಡಾಲರ್ ಇದ್ದಾಗಲೂ ಹೆಚ್ಚುಕಮ್ಮಿ ಇಷ್ಟೇ. ನಮ್ಮ ಮೂವರಲ್ಲಿ ಒಬ್ಬ ಮಾತ್ರ ಕಾಯಲಾರದೆ ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋದ. ಅವನ ಹಳ್ಳಿಗಳನ್ನೂ ಈಗ ನಾನೇ ಸುತ್ತುತ್ತೇನೆ.