ಸಿಲ್ಕ್ ಬೋರ್ಡ್ ಜಾಮಲ್ಲೂ ಇವಿ ಕಂಟ್ರೋಲರ್ ಸುಡಬಾರ್ದು ಅಂದ್ರೆ

ಹಳೇ ಸ್ಕೂಟರ್‌ನ ಎಲೆಕ್ಟ್ರಿಕ್ ಮಾಡೋರು, ಕಾಲೇಜ್ ಪ್ರಾಜೆಕ್ಟ್‌ಗೆ ಸ್ವಂತ ಕಂಟ್ರೋಲರ್ ಬೋರ್ಡ್ (ಬ್ಯಾಟರಿಯಿಂದ ಮೋಟರಿಗೆ ಎಷ್ಟು ಕರೆಂಟ್ ಹೋಗ್ಬೇಕು ಅಂತ ನೋಡ್ಕೊಳ್ಳೋದು) ಹಾಕೋರು, ಸುಮಾರು ಜನ ಕೂಲಿಂಗ್ ಲೆಕ್ಕ ಹಾಕೋದು ಟಾಪ್ ಸ್ಪೀಡಿಗೆ. ಖಾಲಿ ರಿಂಗ್ ರೋಡಲ್ಲಿ ಜೋರಾಗಿ ಹೋಗ್ತಿದ್ರೆ ಗಾಳಿನೇ ಅರ್ಧ ಕೆಲಸ ಮಾಡುತ್ತೆ ಗುರು. ಕಷ್ಟ ಇರೋದು ಹಿಂದೆ ಒಬ್ರನ್ನ ಕೂರಿಸ್ಕೊಂಡು, ಮುಂದೆ ಬಿಎಂಟಿಸಿ ಬಸ್ಸು, ಫ್ಲೈಓವರ್ ಏರನ್ನ ತೆವಳ್ಕೊಂಡು ಹತ್ತೋವಾಗ. ಆಗ ಬ್ಯಾಟರಿಯಿಂದ 25 ಆಂಪ್ಸ್ ಅಷ್ಟೇ ಬರ್ತಿದ್ರೂ ಮೋಟರಿಗೆ ಹೋಗೋ ಫೇಸ್ ವೈರಲ್ಲಿ (ಇವು ಮೂರು ಇರುತ್ತೆ) 100 ಆಂಪ್ಸ್ ಓಡ್ತಿರಬೋದು, ಕರೆಂಟನ್ನ ಆನ್-ಆಫ್ ಮಾಡೋ ಮಾಸ್‌ಫೆಟ್ ಬಿಸಿ ಆಗೋದು ಈ ಫೇಸ್ ಕರೆಂಟಿಗೆ, ಡಿಸ್‌ಪ್ಲೇಲಿ ಕಾಣೋ ಬ್ಯಾಟರಿ ಕರೆಂಟಿಗಲ್ಲ.

ಲೆಕ್ಕ ಹೀಗೆ ಹಾಕಿ. 72 ವೋಲ್ಟ್ ಪ್ಯಾಕು, 20 ಸೆಲ್ ಸೀರೀಸ್, ಫುಲ್ ಚಾರ್ಜಲ್ಲಿ 84 ವೋಲ್ಟ್. 100 ವೋಲ್ಟ್ ಮಾಸ್‌ಫೆಟ್ ಸಾಕು ಅನ್ಸುತ್ತೆ, ಸಾಲಲ್ಲ: ವೈರಿಂಗಲ್ಲಿ 20 ನ್ಯಾನೋಹೆನ್ರಿ ಇಂಡಕ್ಟೆನ್ಸ್ (ಕರೆಂಟ್ ಬದಲಾಗೋದನ್ನ ತಡೆಯೋ ಗುಣ) ಇದ್ದು ಕರೆಂಟು ನ್ಯಾನೋಸೆಕೆಂಡಿಗೆ 1 ಆಂಪ್ ಬದಲಾದ್ರೆ ಇನ್ನೂ 20 ವೋಲ್ಟ್ ಎಗರುತ್ತೆ. 150 ವೋಲ್ಟಿಂದು ತಗೊಳ್ಳಿ. ಆನ್ ರೆಸಿಸ್ಟೆನ್ಸ್ 5 ಮಿಲಿಓಮ್ ಅಂತ ಡೇಟಾಶೀಟಿನ ಮೊದಲ ಪುಟದಲ್ಲಿ ಇರೋದು 25 ಡಿಗ್ರಿಗೆ, ಬಿಸಿ ಆದ್ಮೇಲೆ 1.8 ಪಟ್ಟು ಅಂತ ಇಟ್ಕೊಳ್ಳಿ, ಅಂದ್ರೆ 9. ಮೂರು ಪ್ಯಾರಲಲ್ ಹಾಕಿದ್ರೆ 3 ಮಿಲಿಓಮ್. 100 ಆಂಪ್ಸಿಗೆ ಒಂದೊಂದು ಫೇಸಿಗೆ 30 ವ್ಯಾಟ್, ಮೂರಕ್ಕೂ 90, ಆನ್-ಆಫ್ ಆಗೋವಾಗ ಪೋಲಾಗೋ ಸ್ವಿಚಿಂಗ್ ಲಾಸ್ ಒಂದು 40 ಸೇರಿಸಿ, ಒಟ್ಟು 130 ವ್ಯಾಟ್.

ಶಾಖ ಹೀರಿ ಗಾಳಿಗೆ ಬಿಡೋ ಅಲ್ಯೂಮಿನಿಯಂ ಹೀಟ್‌ಸಿಂಕ್ ಓಡೋ ಗಾಳೀಲಿ ವ್ಯಾಟಿಗೆ 0.3 ಡಿಗ್ರಿ ಏರೋದಾದ್ರೆ 39 ಡಿಗ್ರಿ ಆಯ್ತು. ಏಪ್ರಿಲ್ ಬಿಸಿಲಲ್ಲಿ ಸೀಟ್ ಕೆಳಗೆ 45 ಇದೆ ಅಂದ್ಕೊಳ್ಳಿ, ಮಾಸ್‌ಫೆಟ್‌ಗೂ ಸಿಂಕ್‌ಗೂ ಮಧ್ಯದ ಪ್ಯಾಡು ಮತ್ತೆ ಮಾಸ್‌ಫೆಟ್ ಒಳಗಡೆದು ಸೇರಿ 11, ಒಟ್ಟು 95. ಆರಾಮು. ಅದೇ ಸಿಂಕ್ ನಿಂತ ಗಾಳೀಲಿ ವ್ಯಾಟಿಗೆ 1 ಡಿಗ್ರಿ ಏರಿದ್ರೆ? 186 ಬರುತ್ತೆ, ಸಾಮಾನ್ಯವಾಗಿ ಮಾಸ್‌ಫೆಟ್‌ನ ಲಿಮಿಟ್ಟೇ 175. ಇಲ್ಲಿ ನಿಮ್ಮನ್ನ ಕಾಪಾಡೋದು ಅಲ್ಯೂಮಿನಿಯಂ ತೂಕ, ಯಾಕಂದ್ರೆ 1 ಕೆಜಿ ಇದ್ರೆ 130 ವ್ಯಾಟಿಗೆ ಶುರೂಲಿ ನಿಮಿಷಕ್ಕೆ 8-9 ಡಿಗ್ರಿ ಅಷ್ಟೇ ಏರುತ್ತೆ, ಅಷ್ಟೊತ್ತಿಗೆ ಫ್ಲೈಓವರ್ ಮುಗಿದಿರುತ್ತೆ. ಅದಕ್ಕೇ ಸ್ಕೂಟರಿಗೆ ತೆಳ್ಳಗಿನ ನೂರಾರು ಫಿನ್‌ಗಿಂತ (ರೆಕ್ಕೆ ತರದ ಪಟ್ಟಿ) ದಪ್ಪ ಬೇಸ್ ಪ್ಲೇಟೇ ವಾಸಿ ಅಂತೀನಿ, ಫಿನ್ ಮಧ್ಯ ಮಳೆಗಾಲದ ಕೆಸರು ತುಂಬ್ಕೊಂಡ್ರೆ ಹೇಗೂ ದಂಡ.

ಫ್ಯಾನ್ ಬೇಡ. ನಮ್ಮ ಧೂಳು, ಅಂಡರ್‌ಪಾಸ್ ನೀರು ಎರಡೂ ಅದನ್ನ ತಿಂದ್ಹಾಕುತ್ತೆ. ಕಾರಿನ ಪವರ್ ಆದ್ರೆ ಲಿಕ್ವಿಡ್ ಕೂಲಿಂಗೇ ಗತಿ: 1 ಕಿಲೋವ್ಯಾಟ್ ಶಾಖಕ್ಕೆ ನಿಮಿಷಕ್ಕೆ 1 ಲೀಟರ್ ನೀರು ಹರಿಸಿದ್ರೆ ನೀರು 14 ಡಿಗ್ರಿ ಬಿಸಿ ಆಗುತ್ತೆ, ಗ್ಲೈಕಾಲ್ ಬೆರೆಸಿದ್ರೆ ಸ್ವಲ್ಪ ಜಾಸ್ತಿ.

ಕೂರಿಸೋ ಕೆಲಸ. ಪ್ಲೇಟನ್ನ ಪೀಣ್ಯದಲ್ಲಿ ಯಾವ್ದಾದ್ರೂ ಶಾಪಲ್ಲಿ ಮಿಲ್ಲಿಂಗ್ ಮಾಡ್ಸಿ ಸಮ ಮಾಡ್ಸಿ, ಉಬ್ಬುತಗ್ಗು ಇದ್ರೆ ಎಷ್ಟು ಒಳ್ಳೇ ಥರ್ಮಲ್ ಪೇಸ್ಟೂ (ಸಂದು ತುಂಬಿ ಶಾಖ ದಾಟಿಸೋದು) ವೇಸ್ಟು. ಮಾಸ್‌ಫೆಟ್ ಬೆನ್ನಿನ ಲೋಹ ಡ್ರೈನ್‌ಗೆ (ಕರೆಂಟ್ ಹರಿಯೋ ಕಾಲು) ಕನೆಕ್ಟ್ ಆಗಿರುತ್ತೆ, ಸೋ ಇನ್ಸುಲೇಷನ್ ಬೇಕೇ ಬೇಕು. ಎಸ್‌ಪಿ ರೋಡಲ್ಲಿ ಸಿಲಿಕೋನ್ ಪ್ಯಾಡ್ ತಗೊಂಡ್ರೆ ಶಾಖ ದಾಟಿಸೋ ರೇಟಿಂಗ್ ಕೇಳಿ ತಗೊಳ್ಳಿ, ಅಲ್ಯೂಮಿನಾ ಸೆರಾಮಿಕ್ ಶೀಟ್ ಸಿಕ್ರೆ ಅದೇ ಬೆಸ್ಟು, ಆದ್ರೆ ಸ್ಕ್ರೂ ಅಡ್ಡಾದಿಡ್ಡಿ ಬಿಗಿದ್ರೆ ಬಿರುಕು ಬಿಡುತ್ತೆ. ಪೇಸ್ಟ್ ತೆಳ್ಳಗೆ ಸವರಿ, ಬೆಣ್ಣೆ ದೋಸೆ ಅಲ್ಲ ಅದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮಾಸ್‌ಫೆಟ್‌ಗೆ ಎಲೆಕ್ಟ್ರಿಕಲಿ ಹತ್ರ ಇರ್ಬೇಕು ಆದ್ರೆ ಸಿಂಕ್‌ಗೆ ತಾಗ್ಬಾರ್ದು, 10 ಡಿಗ್ರಿ ಏರಿದಂಗೆಲ್ಲಾ ಅದರ ಆಯಸ್ಸು ಸುಮಾರು ಅರ್ಧ ಆಗ್ತಾ ಹೋಗುತ್ತೆ.

ಸಿಂಕ್ ಮೇಲೆ, ಮಾಸ್‌ಫೆಟ್ ಪಕ್ಕದಲ್ಲೇ, ಒಂದು 10ಕೆ ಥರ್ಮಿಸ್ಟರ್ (ಬಿಸಿ ಅಳೆಯೋ ಸೆನ್ಸರ್) ಕೂರಿಸಿ. 80 ಡಿಗ್ರಿಯಿಂದ ಕರೆಂಟ್ ನಿಧಾನಕ್ಕೆ ಇಳಿಸ್ತಾ 100ಕ್ಕೆ ಸೊನ್ನೆ ಮಾಡಿ. ಒಂದೇ ಸಲ ಕಟ್ ಮಾಡೋ ಫರ್ಮ್‌ವೇರ್ ಬರೀಬೇಡಿ, ಏರಲ್ಲಿ ಗಾಡಿ ಹಿಂದಕ್ಕೆ ಜಾರುತ್ತೆ.

ಟೆಸ್ಟ್ ಎರಡು ನಿಮಿಷ ಮಾಡಿ ಬಿಡೋದಲ್ಲ, ನಿಂತ ಗಾಳೀಲಿ ಆ 1 ಕೆಜಿ ಸಿಂಕ್ ಸೆಟಲ್ ಆಗೋಕೆ ಮುಕ್ಕಾಲು ಗಂಟೆ ಬೇಕು. ಐಆರ್ ಗನ್ ಹಿಡಿದ್ರೆ ಹೊಳೆಯೋ ಅಲ್ಯೂಮಿನಿಯಂ ಟೆಂಪರೇಚರ್ ಸುಳ್ಳೇ ಕಡಿಮೆ ತೋರ್ಸುತ್ತೆ, ಒಂದು ತುಂಡು ಕರಿ ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಅಳೀರಿ.