ಮಳೆನೆರಳಿನ ಪಾಠಕ್ಕೆ ಸಾಮಗ್ರಿ ಮಾಡಿದ ಬಗೆ

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಕೈಯಾರೆ ಮಾಡಿ ಕಲಿಯುವವರು. ನ್ಯೂಜಿಲೆಂಡಿನ ಶಿಕ್ಷಕ ನೀಲ್ ಫ್ಲೆಮಿಂಗ್ 1992ರಲ್ಲಿ ಮುಂದಿಟ್ಟ ಈ ವಿಂಗಡಣೆ ಅಧ್ಯಾಪಕರ ತರಬೇತಿಗಳಲ್ಲಿ ಈಗಲೂ ಓಡಾಡುತ್ತಿದೆ. ಒಬ್ಬೊಬ್ಬರ ಶೈಲಿಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಮನೋವಿಜ್ಞಾನಿ ಹ್ಯಾರಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಬರೆದಿದ್ದಾರೆ. ಹಾಗಾಗಿ ಬಿ.ಎ. ಭೂಗೋಳದ ನನ್ನ ವಿದ್ಯಾರ್ಥಿಗಳನ್ನು ಬಗೆಬಗೆಯಾಗಿ ವಿಂಗಡಿಸುವ ಗೋಜಿಗೆ ಹೋಗದೆ ಪಾಠವನ್ನೇ ಬಿಡಿಸಿ ನೋಡಿದೆ. ಪಾಠ ಮಳೆನೆರಳಿನದು: ಘಟ್ಟದ ಒಂದು ಬದಿಗೆ ಮಳೆ ಸುರಿದು ಇನ್ನೊಂದು ಬದಿ ಒಣಗುವುದೇಕೆ ಎಂಬುದು.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿದ ಮಳೆ. ಘಟ್ಟದಿಂದ ಪೂರ್ವಕ್ಕಿರುವ ಚಳ್ಳಕೆರೆಯಲ್ಲಿ 500ರ ಆಸುಪಾಸು. ಗಾಳಿ ಘಟ್ಟವೇರುತ್ತ ಹಿಗ್ಗಿ ತಣಿಯುತ್ತದೆ, ಮೋಡ ಕಟ್ಟಿ ಸುರಿಯುತ್ತದೆ, ಆಚೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಇದು ಹಂತಹಂತವಾಗಿ ನಡೆಯುವ ಸಂಗತಿಯಾದ್ದರಿಂದ ವಿಡಿಯೊ ತಕ್ಕದ್ದು. ಘಟ್ಟದ ಅಡ್ಡಕೊಯ್ತದ ಚಿತ್ರ ಬರೆಯುವ ನನ್ನ ಕೈಯನ್ನೇ ಮೊಬೈಲಿನಲ್ಲಿ ಸೆರೆಹಿಡಿದೆ. ಸಿದ್ಧ ಆನಿಮೇಷನ್ ಇನ್ನೂ ಚೆಂದ ಕಾಣುತ್ತಿತ್ತೇನೋ. ಆದರೆ ಗೆರೆ ಮೂಡುವ ವೇಗಕ್ಕೆ ಮಾತು ಹೊಂದಿದರೆ ಎಲ್ಲಿ ನೋಡಬೇಕೆಂದು ಹೇಳಬೇಕಾಗಿಲ್ಲ. ಆಡುವ ಮಾತನ್ನೇ ಪರದೆಯ ಮೇಲೂ ತುಂಬಲಿಲ್ಲ. ‘ಸಾಂದ್ರೀಕರಣ’ದಂಥ (ಆವಿ ತಣಿದು ಹನಿಯಾಗುವುದು) ಪದ ಮಾತ್ರ ಚಿತ್ರದ ಪಕ್ಕದಲ್ಲೇ ಬರುತ್ತದೆ. ಕಿವಿ ಮಂದವಿರುವವರಿಗೆ ಬೇಕೆಂದಾಗ ತೆರೆದುಕೊಳ್ಳುವ ಅಡಿಬರಹ ಇದೆ. ಇಳಿಯುವ ಗಾಳಿ ಏಕೆ ಬಿಸಿಯಾಗುತ್ತದೆ ಎಂಬಲ್ಲಿ ವಿಡಿಯೊ ನಿಲ್ಲುತ್ತದೆ. ಉತ್ತರ ಬರೆದ ಮೇಲೆಯೇ ಮುಂದಿನ ತುಣುಕು.

ಹೆಚ್ಚು ದುಡಿಸಿಕೊಂಡದ್ದು ಟಿಪ್ಪಣಿಗಳು. ತರಗತಿಯಲ್ಲಿ ಕಣ್ಣು ಕಾಣದ ವಿದ್ಯಾರ್ಥಿನಿ ಇದ್ದಾಳೆ. ಯುನಿಕೋಡ್ (ಎಲ್ಲ ಗಣಕಗಳೂ ಒಂದೇ ಬಗೆಯಲ್ಲಿ ಗುರುತಿಸುವ ಅಕ್ಷರಸಂಕೇತ) ಬರುವ ಮುಂಚಿನ ಫಾಂಟಿನ ಬರಹವನ್ನು ಪರದೆ ಓದುವ ತಂತ್ರಾಂಶಕ್ಕೆ ಕೊಟ್ಟರೆ ತಲೆಬುಡವಿಲ್ಲದ ಲ್ಯಾಟಿನ್ ಅಕ್ಷರಗಳು ಕೇಳಿಸುತ್ತವೆ. ಎಲ್ಲವನ್ನೂ ಯುನಿಕೋಡಿಗೆ ಪರಿವರ್ತಿಸಿ, ಕೆಟ್ಟ ಒತ್ತಕ್ಷರ, ಅರ್ಕಾವತ್ತುಗಳನ್ನು ತಿದ್ದುತ್ತ ಕುಳಿತೆ. ಆಮೇಲೆ ಪರದೆ ಓದುವ ಉಚಿತ ತಂತ್ರಾಂಶವಾದ ಎನ್‌ವಿಡಿಎ ಅದನ್ನು ಓದತೊಡಗಿತು. ಕನ್ನಡದ ಧ್ವನಿ ಯಾಂತ್ರಿಕವೇ, ಅವಳಿಗೆ ಅಭ್ಯಾಸವಾಗಿದೆ. ವಿಡಿಯೊದ ಮಾತಿನಲ್ಲೂ “ಇಲ್ಲಿ ನೋಡಿ” ಹೋಗಿ “ಕಡಲಿನಿಂದ ಪೂರ್ವಕ್ಕೆ” ಬಂದಿತು. ರಟ್ಟಿನ ಮೇಲೆ ಹುರಿ ಅಂಟಿಸಿ ಘಟ್ಟದ ಉಬ್ಬುಚಿತ್ರ ಮಾಡಿದೆ: ಪಶ್ಚಿಮದ ಕಡಿದಾದ ಏರು, ಪೂರ್ವದ ಇಳಿಜಾರು ಬೆರಳಿಗೇ ತಿಳಿಯುತ್ತವೆ. ಕಣ್ಣಿರುವವರೂ ಅದನ್ನು ಕೇಳಿ ಪಡೆಯುತ್ತಾರೆ.

ಡೇಟಾ ಕಡಿಮೆ ಇರುವವರಿಗೆ ಧ್ವನಿ ಮಾತ್ರದ ಕಡತವೂ ಉಂಟು. ಬಸ್ಸಿನಲ್ಲಿ ನಿಂತು ಬರುವವರು ಕೇಳುವುದು ಅದನ್ನೇ.

ಮುಂದಿನ ಪಾಠ ಕಪ್ಪುಮಣ್ಣಿನದು. ಅದಕ್ಕೆ ವಿಡಿಯೊ ಮಾಡುವುದಿಲ್ಲ. ವಿಜಯಪುರ ಕಡೆಯ ವಿದ್ಯಾರ್ಥಿಗೆ ಒಂದು ಚೀಲ ಎರೆಮಣ್ಣು ತರಲು ಹೇಳಿದ್ದೇನೆ.